ವಂಶಾವಳಿಯೂ ಶಾಖೆಯ ಒಪ್ಪಿಗೆಯೂ: ಡಿ.ಎ.ಆರ್. ಸದಸ್ಯತ್ವದ ಎರಡು ಪ್ರಕರಣಗಳು

ಅಮೆರಿಕದ ಸ್ವಾತಂತ್ರ್ಯ ಹೋರಾಟಕ್ಕೆ ನೆರವಾದವರ ನೇರ ವಂಶಜೆಯರ ಸಂಘವಾದ ‘ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್’ (ಡಿ.ಎ.ಆರ್.) 1890ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನಲ್ಲಿ ಸ್ಥಾಪನೆಯಾಯಿತು. ಹಿಂದಿನ ವರ್ಷ ಹುಟ್ಟಿದ್ದ ಪುರುಷರ ಸಂಘ ಹೆಂಗಸರನ್ನು ಸೇರಿಸಿಕೊಳ್ಳಲು ಒಪ್ಪದಿದ್ದುದೇ ತಕ್ಷಣದ ಕಾರಣ. ಇಲ್ಲಿಯವರೆಗೆ ಭಿನ್ನಮತವಿಲ್ಲ. ಇಂಥ ಸಂಘಗಳ ಉದಯವನ್ನು ವ್ಯಾಲೇಸ್ ಇವಾನ್ ಡೇವಿಸ್ (1955), ಜನಾಂಗ ಬೇರ್ಪಡಿಕೆಯ ಕಾಲದ ಸ್ತ್ರೀಯರ ದೇಶಭಕ್ತಿಯನ್ನು ಫ್ರಾನ್ಸೆಸ್ಕಾ ಮಾರ್ಗನ್ (2005), ಸಂಘದ ಸ್ಮಾರಕ ಕಾರ್ಯವನ್ನು ಸೈಮನ್ ವೆಂಟ್ (2020) ವಿವರಿಸಿದ್ದಾರೆ. 1939ರಲ್ಲಿ ಕಪ್ಪು ಗಾಯಕಿ ಮರಿಯನ್ ಆಂಡರ್ಸನ್ ಅವರಿಗೆ ಸಂಘ ತನ್ನ ಕಾನ್‌ಸ್ಟಿಟ್ಯೂಷನ್ ಹಾಲ್ ನಿರಾಕರಿಸಿದ್ದು, ಅದನ್ನು ಪ್ರತಿಭಟಿಸಿ ಎಲೀನರ್ ರೂಸ್‌ವೆಲ್ಟ್ ಸಂಘಕ್ಕೆ ರಾಜೀನಾಮೆ ಕೊಟ್ಟದ್ದು ಸುಪರಿಚಿತ.

ಚರ್ಚೆ ಬೇಕಾಗಿರುವುದು ಬೇರೆ ಅಂಶಕ್ಕೆ. ರಕ್ತಸಂಬಂಧದ ಕಲ್ಪನೆಯೇ ಸಂಘದ ತಳಹದಿ ಎಂದು ಕ್ಯಾರೊಲಿನ್ ಸ್ಟ್ರೇಂಜ್ (2014) ತೋರಿಸಿದ್ದಾರೆ. ಅದು ನನಗೂ ಒಪ್ಪಿಗೆ. ಆದರೆ ಕಪ್ಪು ಮಹಿಳೆಯರನ್ನು ಹೊರಗಿಟ್ಟದ್ದೂ ವಂಶನಿಯಮವೇ ಎಂದು ಇದರಿಂದ ಊಹಿಸಿಕೊಂಡರೆ, ಸ್ಥಳೀಯ ಶಾಖೆಯ ಪಾತ್ರ ಮರೆಯಾಗುತ್ತದೆ. ಸದಸ್ಯತ್ವಕ್ಕೆ ಎರಡು ಹಂತಗಳಿದ್ದವು. ವಂಶಾವಳಿಯ ದಾಖಲೆಗಳನ್ನು ಪರಿಶೀಲಿಸುತ್ತಿದ್ದುದು ವಾಷಿಂಗ್ಟನ್ನಿನ ಕೇಂದ್ರ ಕಚೇರಿ. ಅರ್ಜಿದಾರಳನ್ನು ಶಿಫಾರಸು ಮಾಡಿ ಬರಮಾಡಿಕೊಳ್ಳುತ್ತಿದ್ದುದು ಶಾಖೆ.

ಎರಡು ಪ್ರಕರಣಗಳನ್ನು ಹೋಲಿಸಿ ನೋಡಬಹುದು. ಮಿಷಿಗನ್ನಿನ ಕರೆನ್ ಫಾರ್ಮರ್ ತಮ್ಮ ವಂಶವನ್ನು ಪೆನ್ಸಿಲ್ವೇನಿಯದ ವಿಲಿಯಂ ಹುಡ್‌ವರೆಗೆ ದಾಖಲೆಸಹಿತ ಗುರುತಿಸಿದರು. ಎಜ್ರಾ ಪಾರ್ಕರ್ ಶಾಖೆ 1977ರಲ್ಲಿ ಅವರನ್ನು ಸೇರಿಸಿಕೊಂಡಿತು. ಸಂಘದ ಮೊದಲ ಕಪ್ಪು ಸದಸ್ಯೆಯೆಂದು ಆಗ ಪತ್ರಿಕೆಗಳು ಬರೆದವು. ಕೆಲವೇ ವರ್ಷಗಳ ನಂತರ ರಾಜಧಾನಿಯ ಲೀನಾ ಫರ್ಗ್ಯುಸನ್ ಅವರೂ ಪ್ರಮಾಣಿತ ವಂಶಾವಳಿಯೊಂದಿಗೆ ಬಂದರು. ಅದೇ ವಂಶದ ಆಧಾರದ ಮೇಲೆ ಅವರ ಸೋದರಳಿಯ ಮೊರೀಸ್ ಬಾರ್ಬೋಜಾ ಪುರುಷರ ಸಂಘವನ್ನು ಸೇರಿಯಾಗಿತ್ತು. ಆದರೂ ಮೇರಿ ವಾಷಿಂಗ್ಟನ್ ಶಾಖೆಯ ಬಾಗಿಲು ಫರ್ಗ್ಯುಸನ್ ಅವರಿಗೆ ತೆರೆಯಲಿಲ್ಲ. ಮೊದಲು ದಕ್ಕಿದ್ದು ಯಾವ ಶಾಖೆಗೂ ಸೇರದ ಸದಸ್ಯತ್ವ. ಶಾಖೆಯೊಳಗೆ ಸ್ಥಾನ ಸಿಕ್ಕಿದ್ದು ಸಾರ್ವಜನಿಕ ಒತ್ತಡದ ನಂತರ, ಸಂಘದೊಂದಿಗೆ ಆದ 1984ರ ಒಪ್ಪಂದದಿಂದ.

ನಿಯಮ ಒಂದೇ, ಪರಿಶೀಲಿಸುವ ಕಚೇರಿಯೂ ಒಂದೇ. ಫಲ ಮಾತ್ರ ಬೇರೆ. ಆದ್ದರಿಂದ, ಕನಿಷ್ಠ ಈ ಅವಧಿಯಲ್ಲಿ, ಕನಿಷ್ಠ ದಾಖಲೆ ಪೂರ್ಣವಾಗಿದ್ದ ಅರ್ಜಿದಾರಳ ವಿಷಯದಲ್ಲಿ, ಬಹಿಷ್ಕಾರದ ನಿರ್ಣಾಯಕ ನೆಲೆ ವಂಶನಿಯಮವಲ್ಲ, ಶಾಖೆ ಎಂಬುದು ನನ್ನ ವಾದ.

ಈ ವಾದಕ್ಕೆ ಮಿತಿಗಳಿವೆ. ಎರಡು ಪ್ರಕರಣಗಳಿಂದ ಸಾವಿರಾರು ಶಾಖೆಗಳ ಬಗ್ಗೆ ತೀರ್ಪು ಕೊಡಲಾಗದು. ವಂಶನಿಯಮ ನಿಷ್ಪಕ್ಷಪಾತವಾಗಿತ್ತೆಂದೂ ನಾನು ಹೇಳುತ್ತಿಲ್ಲ. ಗುಲಾಮರ ವಿವಾಹಗಳಿಗೆ ಕಾನೂನಿನ ಮಾನ್ಯತೆ ಇರಲಿಲ್ಲ. ಜನಗಣತಿಯಲ್ಲಿ ಅವರಲ್ಲಿ ಬಹುತೇಕರ ಹೆಸರು ಮೊದಲ ಬಾರಿಗೆ ಬಂದದ್ದು 1870ರಲ್ಲಿ. ವಿವಾಹ ಮತ್ತು ಜನನದ ದಾಖಲೆ ಕೇಳುವ ನಿಯಮ ಇಂಥವರ ವಂಶಜೆಯರಿಗೆ ಮೊದಲೇ ಮುಚ್ಚಿದ ದಾರಿ. ಫಾರ್ಮರ್, ಫರ್ಗ್ಯುಸನ್ ಇಬ್ಬರೂ ಅರ್ಜಿಯಲ್ಲಿ ತೋರಿಸಿದ್ದು ಬಿಳಿಯ ಪೂರ್ವಜರನ್ನು ಎಂಬುದು ಆಕಸ್ಮಿಕವಲ್ಲ. ಹಾಗಾಗಿ ನಿಯಮ ಬಹುಮಂದಿಯನ್ನು ಅರ್ಜಿಯವರೆಗೂ ಬರಗೊಡಲಿಲ್ಲ, ಬಂದವರನ್ನು ತಡೆಯುವ ಅಧಿಕಾರ ಶಾಖೆಯ ಕೈಯಲ್ಲಿತ್ತು ಎಂದು ತಿದ್ದಿ ಹೇಳುವುದು ಹೆಚ್ಚು ಸರಿ.

ಒಪ್ಪಂದದ ಸ್ವರೂಪವೂ ಇದನ್ನೇ ಬೆಂಬಲಿಸುತ್ತದೆ. ವಂಶನಿಯಮವನ್ನು ಅದು ಮುಟ್ಟಲಿಲ್ಲ. ಜನಾಂಗದ ಕಾರಣಕ್ಕೆ ಶಾಖೆಗಳು ಅರ್ಜಿ ತಿರಸ್ಕರಿಸಕೂಡದೆಂದು ಉಪನಿಯಮ ತಿದ್ದಿಸಿತು, ಜೊತೆಗೆ ಯುದ್ಧದಲ್ಲಿ ಪಾಲ್ಗೊಂಡ ಕಪ್ಪು ಜನರ ಹೆಸರುಗಳ ಶೋಧಕ್ಕೆ ಸಂಘವನ್ನು ಬದ್ಧಗೊಳಿಸಿತು. 2008ರಲ್ಲಿ ಸಂಘ ಪ್ರಕಟಿಸಿದ ‘ಫರ್ಗಾಟನ್ ಪೇಟ್ರಿಯಟ್ಸ್’ನಲ್ಲಿ ಆಫ್ರಿಕನ್ ಮತ್ತು ಮೂಲನಿವಾಸಿ ಹಿನ್ನೆಲೆಯ 6,600ಕ್ಕೂ ಹೆಚ್ಚು ಹೆಸರುಗಳಿವೆ. ಎರಡು ಹಂತಗಳಿಗೆ ಎರಡು ಪರಿಹಾರ.

ಶಿಫಾರಸೇ ಸಿಗದೆ ಹಿಂದಿರುಗಿದವರು ಎಷ್ಟು ಮಂದಿ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಅದಕ್ಕೆ ಉತ್ತರ ಹುಡುಕಬೇಕಾದದ್ದು ಕೇಂದ್ರದ ವಾರ್ಷಿಕ ವರದಿಗಳಲ್ಲಲ್ಲ, ಶಾಖೆಗಳ ನಡಾವಳಿ ಪುಸ್ತಕಗಳಲ್ಲಿ. ಮುಂದಿನ ಸಂಶೋಧಕರು ಅಲ್ಲಿಂದಲೇ ಆರಂಭಿಸಬೇಕು.