ಕೆರೆಯ ನೀರು, ಅರಸನ ತೆರಿಗೆ

ವಿಜಯನಗರದ ಪಾಠ ನಡೆದಿದ್ದಾಗ ಹುಡುಗನೊಬ್ಬ ಎದ್ದು, "ಅರಸನಿಗೆ ಆರರಲ್ಲೊಂದು ಪಾಲು ಕೊಟ್ಟ ಒಕ್ಕಲಿಗನಿಗೆ ಬಂದದ್ದೇನು, ಮೇಷ್ಟರೆ?" ಎಂದು ಕೇಳಿದ. ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ, ಶಾಸನಗಳಲ್ಲಿ ಉಂಟು.

ಆರರಲ್ಲೊಂದು ಎಂಬುದು ಸ್ಮೃತಿಕಾರರ ಮಾತು. ಶಾಸನಗಳನ್ನು ನೋಡಿದರೆ ಎಲ್ಲ ನೆಲಕ್ಕೂ ಒಂದೇ ದರವಿದ್ದಂತೆ ಕಾಣದು. ನೀರು ಹರಿಯುವ ಗದ್ದೆ ಬೇರೆ, ಮಳೆಯನ್ನೇ ನಂಬಿದ ಬೆದ್ದಲು ಬೇರೆ, ತೋಟ ಬೇರೆ. ಗದ್ದೆಯಿಂದ ಬರುವ ತೆರಿಗೆ ಹೆಚ್ಚು. ಆದುದರಿಂದ ಬೆದ್ದಲನ್ನು ಗದ್ದೆಯಾಗಿಸುವ ಕೆರೆಯಲ್ಲಿ ಪುಣ್ಯವೂ ಇದ್ದಿತು, ಬೊಕ್ಕಸಕ್ಕೆ ವರಮಾನವೂ ಇದ್ದಿತು.

ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯೊಂದುಂಟು. 1369ರ ಅದರ ಸಂಸ್ಕೃತ ಶಾಸನವನ್ನು ಓದುವುದೇ ಒಂದು ಸೊಗಸು. ದಿನವೂ 1000 ಆಳುಗಳು, ಕಲ್ಲು ಹೇರಲು 100 ಬಂಡಿಗಳು, ಎರಡು ವರ್ಷದ ದುಡಿಮೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನು ಹೇಳಿ, ಆರು ದೋಷಗಳನ್ನೂ ಎಣಿಸಿದೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ಮಣ್ಣು, ಕೆರೆಯ ನಡುವೆ ದಿಬ್ಬ, ನೀರು ಕಡಮೆಯಾಗಿ ನೆಲ ಹೆಚ್ಚುವುದು, ನೆಲ ಕಡಮೆಯಾಗಿ ನೀರು ಹೆಚ್ಚುವುದು. ಉಳಿದೊಂದು ದೋಷವೆಂದರೆ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು! ಬರೆಯಿಸಿದವನು ಲೋಕವನ್ನು ಬಲ್ಲವನು.

ಕೆರೆ ಕಟ್ಟಿದರೆ ಮುಗಿಯಲಿಲ್ಲ. ವರ್ಷವರ್ಷವೂ ಹೂಳೆತ್ತಬೇಕು, ತೂಬು ಸರಿಪಡಿಸಬೇಕು. ಆ ಕೆಲಸ ನಡೆಯಲೆಂದು ಕೆರೆಯ ಕೆಳಗಿನ ನೆಲವನ್ನು ಬಿಟ್ಟುಕೊಡುತ್ತಿದ್ದುದೇ ಕನ್ನಡ ಶಾಸನಗಳ ಬಿತ್ತುವಟ್ಟ. ಕೆರೆ ಕಟ್ಟಿಸಿದವನಿಗೆ ಸಲ್ಲುತ್ತಿದ್ದ ಭೂಮಿ ಕಟ್ಟುಕೊಡಗೆ. ಒಕ್ಕಲಿಗನಿಗೆ ಬಂದದ್ದು ಇದು: ತೆರಿಗೆ ಬರುವ ನೆಲದಲ್ಲಿ ಒಂದು ಪಾಲು ಅವನ ಗದ್ದೆಯ ನೀರಿಗೇ ಮೀಸಲಾಗುತ್ತಿದ್ದಿತು.

ಎಲ್ಲ ಕಡೆಯೂ ಹೀಗೆಯೇ ಇತ್ತೆಂದು ಹುಡುಗನಿಗೆ ಹೇಳಿದ್ದರೆ ಸುಳ್ಳಾಗುತ್ತಿತ್ತು. ಇಮ್ಮಡಿ ದೇವರಾಯನ ಕಾಲದಲ್ಲಿ, 1429ರಲ್ಲಿ, ಕಾವೇರಿಯ ಕೆಳಹರಿವಿನ ತಮಿಳು ಸೀಮೆಯಲ್ಲಿ ಅಧಿಕಾರಿಗಳೂ ಭೂಒಡೆಯರೂ ಬೆಳೆಯ ಹುಟ್ಟುವಳಿಯನ್ನು ನೋಡದೆ ತೆರಿಗೆ ಹೇರಿದರು. ಜನ ಊರು ಬಿಟ್ಟು ಓಡಲು ಹೊರಟರು. ಆಮೇಲೆ ತಾವು ಒಗ್ಗಟ್ಟಾಗಿಲ್ಲದುದೇ ಈ ಅನ್ಯಾಯಕ್ಕೆ ಕಾರಣವೆಂದು ಕಂಡುಕೊಂಡು, ಸದಾ ಕಾದಾಡುತ್ತಿದ್ದ ಬಲಗೈಯ 98 ಪಂಗಡಗಳೂ ಎಡಗೈಯ 98 ಪಂಗಡಗಳೂ ಒಂದೆಡೆ ಸೇರಿದವು. ನ್ಯಾಯವಾದುದನ್ನು ಕೊಡುತ್ತೇವೆ, ಮಿಕ್ಕುದನ್ನು ಕೊಡೆವು. ಅಂಥ ಅಧಿಕಾರಿಗಳಿಗೆ ನಮ್ಮವರಾರೂ ಲೆಕ್ಕ ಬರೆದುಕೊಡಬಾರದು ಎಂದು ಕಟ್ಟು ಮಾಡಿದರು. ಯಾವ ಬೆಳೆಗೆ ಎಷ್ಟು ಸಲ್ಲಬೇಕೆಂಬುದನ್ನು ತಾವೇ ಗೊತ್ತುಮಾಡಿ, ದೇವಾಲಯದ ಕಲ್ಲಿನಲ್ಲಿ ಕೊರೆಯಿಸಿದರು.