‘ಲೊಒಬ್’ ಎಂಬ ಪದ ಮತ್ತು ಫಿಲಿಪ್ಪೀನ್ಸಿನ ತತ್ವಶಾಸ್ತ್ರ

ಫಿಲಿಪ್ಪೀನ್ಸಿನ ಜನರಿಗೆ ತಮ್ಮದೇ ಆದ ತತ್ವಶಾಸ್ತ್ರವುಂಟೇ? ದೊಮಿನಿಕನ್ನರು 1611ರಲ್ಲಿ ಮನಿಲಾದಲ್ಲಿ ಸ್ಥಾಪಿಸಿದ ಸಾಂತೊ ತೊಮಾಸ್ ವಿದ್ಯಾಪೀಠದಲ್ಲಿ ತತ್ವಶಾಸ್ತ್ರವೆಂದರೆ ಪ್ರಧಾನವಾಗಿ ಸಂತ ತೋಮಸ್ ಅಕ್ವಿನಾಸರ ತತ್ವಶಾಸ್ತ್ರವೇ ಆಗಿತ್ತು. ಆದರೆ ಈ ಪ್ರಶ್ನೆಯ ಬೀಜವು ಅದಕ್ಕೂ ಹಿಂದೆ, 1593ರಲ್ಲಿ ಸ್ಪ್ಯಾನಿಷ್ ಹಾಗೂ ತಗಾಲೊಗ್ ಭಾಷೆಗಳಲ್ಲಿ ಅಚ್ಚಾದ ‘ದೊಕ್ತ್ರೀನಾ ಕ್ರಿಸ್ತಿಯಾನಾ’ ಎಂಬ ಧರ್ಮೋಪದೇಶದ ಪುಸ್ತಕದಲ್ಲಿಯೇ ಬಿದ್ದಿತ್ತೆಂದು ನನಗೆ ತೋರುತ್ತದೆ. ಅದರಲ್ಲಿ ಕರ್ತನ ಪ್ರಾರ್ಥನೆಯನ್ನು ಅನುವಾದಿಸಿದವರು ದೇವರ ಚಿತ್ತಕ್ಕೆ ‘ಲೊಒಬ್’ ಎಂಬ ತಗಾಲೊಗ್ ಪದವನ್ನು ಬಳಸಿದರು. ‘ಒಳಗು’ ಎಂಬುದು ಅದರ ಮೂಲಾರ್ಥ. ಮನೆಯ ಒಳಭಾಗಕ್ಕೂ ಮನುಷ್ಯನ ಅಂತರಂಗಕ್ಕೂ ಅದು ಸಲ್ಲುತ್ತದೆ. ಆದರೆ ನಮೋ ಮರಿಯ ಪ್ರಾರ್ಥನೆಯಲ್ಲಿ ‘ಕೃಪೆ’ ಎನ್ನಬೇಕಾದಲ್ಲಿ ‘ಗ್ರಾಸಿಯಾ’ ಎಂಬ ಸ್ಪ್ಯಾನಿಷ್ ಪದವನ್ನೇ ಉಳಿಸಿಕೊಂಡರು. ಚಿತ್ತವನ್ನು ನಾಡಭಾಷೆಗೆ ಒಪ್ಪಿಸಲಾಯಿತು, ಕೃಪೆಯನ್ನು ಒಪ್ಪಿಸಲಿಲ್ಲ.

ದಿವ್ಯವಾಕ್ಯ ಸಭೆಯ ಗುರು ಲಿಯೊನಾರ್ದೊ ಮೆರ್ಕಾದೊ ಅವರು 1974ರಲ್ಲಿ ಪ್ರಕಟಿಸಿದ ‘ಫಿಲಿಪಿನೊ ತತ್ವಶಾಸ್ತ್ರದ ಮೂಲಾಂಶಗಳು’ ಎಂಬ ಇಂಗ್ಲಿಷ್ ಗ್ರಂಥದಲ್ಲಿ ಇದೇ ‘ಲೊಒಬ್’ ಮುಂತಾದ ಪದಗಳನ್ನು ಶೋಧಿಸಿದರು. ಜನರ ತತ್ವಚಿಂತನೆ ಅವರ ನುಡಿಯೊಳಗೇ ಅಡಗಿದೆ ಎಂಬುದು ಅವರ ವಾದ. ರೊಲಾಂದೊ ಗ್ರಿಪಾಲ್ದೊ ಇದನ್ನು ಒಪ್ಪಲಿಲ್ಲ. ಜನಪದದ ಲೋಕದೃಷ್ಟಿಯೇ ಬೇರೆ, ವ್ಯಕ್ತಿಯೊಬ್ಬನು ತರ್ಕಿಸಿ ಮಂಡಿಸುವ ತತ್ವವೇ ಬೇರೆ ಎಂದು ಅವರು ಬೊನಿಫಾಸಿಯೊ, ಹಸಿಂತೊ ಮೊದಲಾದವರ ಬರಹಗಳ ಕಡೆಗೆ ತಿರುಗಿದರು. ಈ ಆಕ್ಷೇಪ ಬಲವಾದದ್ದೇ. ನಿಘಂಟು ತಾನಾಗಿ ವಾದ ಹೂಡುವುದಿಲ್ಲವಷ್ಟೆ!

ಯೇಸುಸಭೆಯ ರೋಕೆ ಫೆರಿಯೋಲ್ಸ್ ಗುರುಗಳದು ಬೇರೆಯೇ ಹಾದಿ. 1969ರಲ್ಲಿ ಅವರು ಅತೆನೆಯೊ ದೆ ಮನಿಲಾದಲ್ಲಿ ತತ್ವಶಾಸ್ತ್ರವನ್ನು ನಾಡಭಾಷೆಯಲ್ಲಿಯೇ ಬೋಧಿಸತೊಡಗಿದರು. ‘ಫಿಲಿಪಿನೊ ತತ್ವಶಾಸ್ತ್ರ’ವೊಂದನ್ನು ಸೃಷ್ಟಿಸುವುದು ಅವರ ಗುರಿಯಾಗಿರಲಿಲ್ಲ; ವಿದ್ಯಾರ್ಥಿಗಳು ತಾವು ಬದುಕುವ ಭಾಷೆಯಲ್ಲಿ ಯೋಚಿಸಬೇಕೆಂಬುದಷ್ಟೇ ಅವರ ಹಂಬಲ.

ಪ್ರಶ್ನೆಗೆ ಉತ್ತರವು ವ್ಯಾಖ್ಯೆಗಳಲ್ಲಿಲ್ಲ, ನಾಡಿನ ಪದವೊಂದು ತನ್ನದೇ ಆದ ಸಮಸ್ಯೆಯನ್ನು ಹುಟ್ಟಿಸಿ, ಯಾರಾದರೂ ಅದನ್ನು ತರ್ಕಿಸಬೇಕಾಗಿ ಬಂದಲ್ಲಿ ಇದೆ ಎಂದು ನಾನು ಭಾವಿಸುತ್ತೇನೆ. ದೈವಶಾಸ್ತ್ರಜ್ಞ ಹೊಸೆ ದೆ ಮೆಸಾ ಅವರು ಕೃಪೆಯನ್ನು ‘ಕಗಂಡಹಾಂಗ್ ಲೊಒಬ್’, ಅಂದರೆ ಅಂತರಂಗದ ಚೆಲುವು ಎಂದು ಅರ್ಥೈಸಿದಾಗ ಸಂಭವಿಸಿದ್ದು ಅದೇ. 1593ರ ಅನುವಾದಕರು ತಡೆದಿಟ್ಟಿದ್ದ ಬಾಗಿಲು ತೆರೆಯಿತು. ಆದರೆ ತಗಾಲೊಗರ ನಡುವೆ ಅಂಥ ಚೆಲುವಿನ ಉಪಕಾರವನ್ನು ಪಡೆದವನಿಗೆ ‘ಉತಾಂಗ್ ನ ಲೊಒಬ್’, ಅಂತರಂಗದ ಋಣ, ತಪ್ಪಿದ್ದಲ್ಲ. ‘ಉತಾಂಗ್’ ಎಂಬುದು ಹಣದ ಸಾಲಕ್ಕೂ ಸಲ್ಲುವ ಮಾತು. ಉಚಿತವಾಗಿ ಬಂದ ಕೃಪೆಗೆ ಮನುಷ್ಯನು ಋಣಿಯಾಗುವುದು ಯಾವ ಅರ್ಥದಲ್ಲಿ? ಪ್ರಸಂಗಪೀಠದಿಂದ ತಗಾಲೊಗ್‌ನಲ್ಲಿ ಕೃಪೆಯನ್ನು ಸಾರುವ ಗುರುವು ಇದಕ್ಕೆ ಉತ್ತರಿಸಲೇಬೇಕು.