ಎರಡೇ ಫ್ಯೂಸುಗಳ ಕಾರು: ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ವಿದ್ಯುತ್ ಮತ್ತು ಬೆಂಕಿ

ಕಾರಿನ ಬ್ಯಾಟರಿಯ ವಿಭವಾಂತರ ಕೇವಲ 12 ವೋಲ್ಟ್. ಒಣಗಿದ ಕೈಗಳಿಂದ ಅದರ ಎರಡೂ ಧ್ರುವಗಳನ್ನು ಮುಟ್ಟಿದರೂ ಶಾಕ್ ಹೊಡೆಯುವುದಿಲ್ಲ. ಹೀಗಾಗಿ ಮನೆಯ 230 ವೋಲ್ಟ್ ವಿದ್ಯುತ್ತಿಗೆ ಹೆದರುವವರೂ ಕಾರಿನ ವಿದ್ಯುತ್ತನ್ನು ನಿರುಪದ್ರವಿ ಎಂದೇ ಭಾವಿಸುತ್ತಾರೆ. ಆದರೆ ಬೆಂಕಿಯ ದೃಷ್ಟಿಯಿಂದ ನೋಡಿದರೆ ಈ ಎಣಿಕೆ ತಪ್ಪು. ತಂತಿಯಲ್ಲಿ ಉತ್ಪನ್ನವಾಗುವ ಉಷ್ಣ ಪ್ರವಾಹದ ವರ್ಗಕ್ಕೆ ಅನುಪಾತೀಯವಾಗಿರುತ್ತದೆ. ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೌಲ್ ಈ ನಿಯಮವನ್ನು ಪ್ರಕಟಿಸಿದ್ದು 1841ರಲ್ಲಿ. ಕಾರಿನ ಬ್ಯಾಟರಿಯ ವಿಭವಾಂತರ ಕಡಿಮೆಯಿದ್ದರೂ ಅದರ ಆಂತರಿಕ ರೋಧ ಇನ್ನೂ ಕಡಿಮೆ. ಆದ್ದರಿಂದ ಅಡೆತಡೆಯಿಲ್ಲದ ದಾರಿ ಸಿಕ್ಕರೆ ಅದು ನೂರಾರು ಆಂಪೇರ್ ಪ್ರವಾಹವನ್ನು ಹರಿಸಬಲ್ಲದು. ಈ ಸರಳ ಸಂಗತಿಯನ್ನು ಮೋಟಾರು ಉದ್ಯಮ ಪೂರ್ತಿ ಮನಗಾಣಲು ಹಲವು ದಶಕಗಳೇ ಬೇಕಾದವು. 1950 ಮತ್ತು 60ರ ದಶಕಗಳ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳು ಇದಕ್ಕೆ ಉತ್ತಮ ನಿದರ್ಶನ.

ಕಾರಿಗೆ ವಿದ್ಯುತ್ ಬಂದ ಬಗೆ

ಆರಂಭದ ಮೋಟಾರು ಕಾರುಗಳಲ್ಲಿ ವಿದ್ಯುತ್ತಿನ ಬಳಕೆ ಅತ್ಯಲ್ಪ. ದೀಪಗಳು ಎಣ್ಣೆಯಿಂದ ಇಲ್ಲವೇ ಅಸಿಟಿಲೀನ್ ಅನಿಲದಿಂದ ಉರಿಯುತ್ತಿದ್ದವು. ಎಂಜಿನ್ನನ್ನು ಕೈಹಿಡಿ ತಿರುಗಿಸಿ ಚಾಲೂ ಮಾಡಬೇಕಿತ್ತು. ಪೆಟ್ರೋಲ್ ಆವಿಯನ್ನು ಹೊತ್ತಿಸುವ ಕಿಡಿಗೆ ಮಾತ್ರ ವಿದ್ಯುತ್ ಬೇಕಾಗಿತ್ತು. ಜರ್ಮನಿಯ ಬಾಷ್ ಕಂಪನಿಯಲ್ಲಿ ಗಾಟ್ಲೋಬ್ ಹೊನಾಲ್ಡ್ 1902ರಲ್ಲಿ ರೂಪಿಸಿದ ಉನ್ನತ ವಿಭವದ ಮ್ಯಾಗ್ನೆಟೊ ಈ ಕೆಲಸವನ್ನು ಸಮರ್ಥವಾಗಿ ಮಾಡಿತು. ಎಂಜಿನ್ ನಿಂತರೆ ಮ್ಯಾಗ್ನೆಟೊ ಕೂಡ ನಿಲ್ಲುತ್ತಿತ್ತು. ಅಂದರೆ, ನಿಂತ ಕಾರಿನಲ್ಲಿ ವಿದ್ಯುತ್ತೇ ಇರುತ್ತಿರಲಿಲ್ಲ.

1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರ್ ಬಂದಿತು. ಜೊತೆಗೆ ವಿದ್ಯುತ್ ದೀಪ ಮತ್ತು ದೊಡ್ಡ ಬ್ಯಾಟರಿಯೂ ಬಂದವು. ಅಂದಿನಿಂದ ಕಾರು ನಿಂತಿದ್ದರೂ, ಮಾಲೀಕ ನಿದ್ರಿಸುತ್ತಿದ್ದರೂ ಅದರೊಳಗೆ ಶಕ್ತಿಯ ಒಂದು ಭಂಡಾರ ಸದಾ ಸಿದ್ಧವಾಗಿರತೊಡಗಿತು. ತಂತಿಯ ಖರ್ಚನ್ನು ಉಳಿಸಲು ತಯಾರಕರು ಮತ್ತೊಂದು ಉಪಾಯ ಹೂಡಿದರು. ಬ್ಯಾಟರಿಯ ಒಂದು ಧ್ರುವವನ್ನು ಕಾರಿನ ಲೋಹದ ಒಡಲಿಗೇ ಜೋಡಿಸಿ, ಪ್ರವಾಹ ಮರಳಿ ಬರುವ ದಾರಿಯಾಗಿ ಒಡಲನ್ನೇ ಬಳಸಿದರು. ಇದಕ್ಕೆ ‘ಭೂಸಂಪರ್ಕ’ ಎಂಬ ಹೆಸರು ರೂಢಿಯಲ್ಲಿದ್ದರೂ ನೆಲಕ್ಕೂ ಇದಕ್ಕೂ ಸಂಬಂಧವಿಲ್ಲ. ತಂತಿ ಅರ್ಧದಷ್ಟು ಉಳಿಯಿತು, ನಿಜ. ಆದರೆ ಅವಾಹಕ ಕವಚ ಎಲ್ಲೇ ಸವೆದು ತಾಮ್ರ ಹೊರಬಂದರೂ ಪಕ್ಕದಲ್ಲಿಯೇ ಬ್ಯಾಟರಿಯ ಇನ್ನೊಂದು ಧ್ರುವ ಕಾದಿರುತ್ತದೆ!

ಲ್ಯೂಕಸ್ ಮತ್ತು ಎಂಜಿ

ಬ್ರಿಟನ್ನಿನಲ್ಲಿ ಕಾರುಗಳ ವಿದ್ಯುತ್ ಸಲಕರಣೆ ಎಂದರೆ ಬರ್ಮಿಂಗ್‌ಹ್ಯಾಮಿನ ಲ್ಯೂಕಸ್ ಕಂಪನಿ. ಜೋಸೆಫ್ ಲ್ಯೂಕಸ್ 19ನೇ ಶತಮಾನದಲ್ಲಿ ದೀಪಗಳ ವ್ಯಾಪಾರದಿಂದ ಬೆಳೆಸಿದ ಈ ಸಂಸ್ಥೆ 1914ರಲ್ಲಿ ಮಾರಿಸ್ ಕಾರುಗಳಿಗೆ ವಿದ್ಯುತ್ ಸಾಮಗ್ರಿ ಒದಗಿಸುವ ಗುತ್ತಿಗೆ ಪಡೆಯಿತು. ಮುಂದೆ ಜಾಗ್ವಾರ್, ಟ್ರಯಂಫ್, ಆಸ್ಟಿನ್-ಹೀಲಿ, ಲೋಟಸ್ ಎಲ್ಲವೂ ಅದರ ಗ್ರಾಹಕರಾದವು. ಮಾರಿಸ್ ಗ್ಯಾರೇಜಸ್ ಎಂಬುದರ ಹ್ರಸ್ವರೂಪವೇ ಎಂಜಿ. ಇಂದು ಭಾರತದ ರಸ್ತೆಗಳಲ್ಲಿ ಕಾಣುವ ಎಂಜಿ ಕಾರುಗಳ ಹೆಸರಿನ ಮೂಲವೂ ಇದೇ. ಆಕ್ಸ್‌ಫರ್ಡ್ ಬಳಿಯ ಆಬಿಂಗ್‌ಡನ್ ಕಾರ್ಖಾನೆಯಲ್ಲಿ 1955ರಿಂದ 1962ರವರೆಗೆ ಎಂಜಿಎ ಎಂಬ ಮಾದರಿಯೂ, 1962ರಿಂದ 1980ರವರೆಗೆ ಎಂಜಿಬಿ ಎಂಬ ಮಾದರಿಯೂ ತಯಾರಾದವು. ಎಂಜಿಬಿಗಳ ಸಂಖ್ಯೆ ಐದು ಲಕ್ಷವನ್ನೂ ಮೀರಿತು.

ಎಂಜಿಎ ಕಾರಿನಲ್ಲಿ ಇದ್ದ ಫ್ಯೂಸುಗಳು ಎಷ್ಟು? ಕೇವಲ ಎರಡು. ಒಂದು ಹಾರ್ನಿಗೆ, ಇನ್ನೊಂದು ವೈಪರ್, ಬ್ರೇಕ್ ದೀಪ ಮೊದಲಾದ, ಇಗ್ನಿಷನ್ ಕೀಲಿ ತಿರುಗಿಸಿದಾಗ ಮಾತ್ರ ಕೆಲಸ ಮಾಡುವ ಸಲಕರಣೆಗಳಿಗೆ. ಮುಂದೀಪ, ಇಗ್ನಿಷನ್, ಪೆಟ್ರೋಲ್ ಪಂಪು ಇವುಗಳಿಗೆ ಫ್ಯೂಸ್ ಇರಲಿಲ್ಲ. ಮೊದಲ ವರ್ಷಗಳ ಎಂಜಿಬಿಯಲ್ಲೂ ಫ್ಯೂಸುಗಳು ಎರಡೇ. ನಂತರ ಅವು ನಾಲ್ಕಾದವು. ಆದರೂ ಮುಂದೀಪದ ಮಂಡಲ ಫ್ಯೂಸಿಲ್ಲದೆಯೇ ಉಳಿಯಿತು.

ಇದನ್ನು ತಯಾರಕರ ಅಲಕ್ಷ್ಯವೆಂದು ತಳ್ಳಿಹಾಕುವಂತಿಲ್ಲ. ರಾತ್ರಿ ವೇಗವಾಗಿ ಓಡುವ ಕಾರಿನಲ್ಲಿ ಒಂದೇ ಫ್ಯೂಸ್ ಕರಗಿ ಎರಡೂ ಮುಂದೀಪಗಳು ಒಮ್ಮೆಲೇ ಆರಿದರೆ ಅದೂ ಪ್ರಾಣಾಪಾಯವೇ. ಪ್ರತಿ ದೀಪಕ್ಕೂ ಬೇರೆ ಫ್ಯೂಸ್ ಕೊಡುವುದೇ ಇದಕ್ಕೆ ಪರಿಹಾರ. ಅದು ರೂಢಿಗೆ ಬರಲು ಕಾಲ ಹಿಡಿಯಿತು. ಅಲ್ಲಿಯವರೆಗೆ ಬೆಂಕಿಯನ್ನು ತಡೆಯುವ ಹೊಣೆಯೆಲ್ಲ ತಂತಿಯ ಹೊದಿಕೆಯ ಮೇಲೆಯೇ ಬಿದ್ದಿತ್ತು.

ಒಂದು ಸೆಕೆಂಡಿನ ಲೆಕ್ಕ

ಈ ಕಾರುಗಳಲ್ಲಿ ಬ್ಯಾಟರಿಯಿಂದ ನೇರವಾಗಿ ಸ್ವಿಚ್ಚುಗಳವರೆಗೆ ಬರುವ, ಫ್ಯೂಸಿನ ರಕ್ಷಣೆಯಿಲ್ಲದ ತಂತಿಯ ಬಣ್ಣ ಕಂದು. ಎಂಜಿನ್ ಕೋಣೆಯಿಂದ ಚಾಲಕನ ಕೋಣೆಗೆ ಬರುವಾಗ ಅದು ಉಕ್ಕಿನ ತಡಿಕೆಯ ರಂಧ್ರವೊಂದನ್ನು ದಾಟಬೇಕು. ರಂಧ್ರದ ಅಂಚಿಗೆ ಹಾಕಿದ ರಬ್ಬರ್ ಬಳೆ ಒಣಗಿ ಉದುರಿದೆ, ಉಕ್ಕಿನ ಅಂಚು ತಂತಿಯ ಹೊದಿಕೆಯನ್ನು ಕೊಯ್ದು ತಾಮ್ರವನ್ನು ಮುಟ್ಟಿದೆ ಎಂದು ಭಾವಿಸೋಣ.

ತಂತಿಯ ಉದ್ದ 2 ಮೀಟರ್, ಅಡ್ಡಕೊಯ್ತದ ವಿಸ್ತೀರ್ಣ 2 ಚದರ ಮಿಲಿಮೀಟರ್ ಎಂದು ಇಟ್ಟುಕೊಂಡರೆ ಅದರ ರೋಧ ಸುಮಾರು 0.017 ಓಮ್. ಬ್ಯಾಟರಿಯ ಆಂತರಿಕ ರೋಧವನ್ನು 0.01 ಓಮ್ ಎಂದುಕೊಳ್ಳೋಣ. ಓಮ್‌ನ ನಿಯಮದ ಪ್ರಕಾರ ಪ್ರವಾಹ 12 ÷ 0.027, ಅಂದರೆ ಸುಮಾರು 444 ಆಂಪೇರ್. ತಂತಿಯಲ್ಲಿ ಬಿಡುಗಡೆಯಾಗುವ ಸಾಮರ್ಥ್ಯ 444 × 444 × 0.017, ಅಂದರೆ ಸುಮಾರು 3,350 ವಾಟ್. ಅಷ್ಟು ತಂತಿಯಲ್ಲಿರುವ ತಾಮ್ರದ ರಾಶಿ ಸುಮಾರು 36 ಗ್ರಾಂ. ಅದರ ತಾಪವನ್ನು ಒಂದು ಡಿಗ್ರಿ ಏರಿಸಲು 14 ಜೌಲ್ ಸಾಕು. ಅಂದಮೇಲೆ, ಆರಂಭದಲ್ಲಿ ತಂತಿಯ ತಾಪ ಸೆಕೆಂಡಿಗೆ ಸುಮಾರು 240 ಡಿಗ್ರಿಯಂತೆ ಏರುತ್ತದೆ! ತಾಮ್ರ ಕಾದಂತೆ ರೋಧ ಹೆಚ್ಚಿ ಈ ದರ ತಗ್ಗುತ್ತದೆ. ಆದರೆ ಹೊದಿಕೆ ಕರಗಿ ಹೊಗೆಯೇಳಲು ಒಂದೆರಡು ಸೆಕೆಂಡುಗಳೇ ಸಾಕು. ಚಾಲಕ ಕಾರು ನಿಲ್ಲಿಸಿ ಕೆಳಗಿಳಿಯುವಷ್ಟರಲ್ಲಿ ಅದೇ ಕಟ್ಟಿನಲ್ಲಿರುವ ಬೇರೆ ತಂತಿಗಳೂ ಬರಿದಾಗಿ ಒಂದಕ್ಕೊಂದು ಅಂಟಿರುತ್ತವೆ.

1950ರ ದಶಕದವರೆಗೆ ತಂತಿಗಳಿಗೆ ರಬ್ಬರ್ ಲೇಪಿಸಿ ಮೇಲೆ ಹತ್ತಿಯ ನೂಲನ್ನು ಹೆಣೆಯುತ್ತಿದ್ದರು. ಗಾಳಿಯ ಆಕ್ಸಿಜನ್ ಮತ್ತು ಓಝೋನ್ ರಬ್ಬರನ್ನು ಕ್ರಮೇಣ ಬಿರುಕು ಬಿಡಿಸುತ್ತವೆ. ನಂತರ ಬಂದ ಪಿವಿಸಿ ಉತ್ತಮವಾದರೂ, ಅದನ್ನು ಮೃದುವಾಗಿಡುವ ಪದಾರ್ಥ ಎಂಜಿನ್ನಿನ ಶಾಖಕ್ಕೆ ವರ್ಷಗಳ ಕಾಲ ಸಿಕ್ಕಿ ಹೊರಹೋಗುತ್ತದೆ. ಆಗ ಪಿವಿಸಿ ಗಡುಸಾಗಿ, ಬಗ್ಗಿಸಿದರೆ ಸೀಳುತ್ತದೆ. ಪಿವಿಸಿ ಉರಿದರೆ ಉಸಿರುಗಟ್ಟಿಸುವ ಹೈಡ್ರೋಜನ್ ಕ್ಲೋರೈಡ್ ಹೊರಬರುತ್ತದೆ ಎಂಬುದನ್ನೂ ನೆನಪಿಡಬೇಕು.

35 ಎಂದರೆ ಎಷ್ಟು?

ಇನ್ನೊಂದು ಸ್ವಾರಸ್ಯಕರ ಸಂಗತಿ ಫ್ಯೂಸಿನ ಮೇಲೆ ಬರೆದ ಸಂಖ್ಯೆಯದು. ಲ್ಯೂಕಸ್‌ನ ಗಾಜಿನ ಫ್ಯೂಸಿನ ಮೇಲೆ 35 ಎಂದಿದ್ದರೆ ಅದು ಫ್ಯೂಸ್ ಕರಗುವ ಪ್ರವಾಹ. ಅದು ನಿರಂತರವಾಗಿ ತಾಳಬಲ್ಲದ್ದು ಸುಮಾರು 17 ಆಂಪೇರ್ ಮಾತ್ರ. ಆದರೆ ಅಮೆರಿಕದ ಪದ್ಧತಿಯಲ್ಲಿ ಫ್ಯೂಸಿನ ಮೇಲೆ ಬರೆಯುವುದು ನಿರಂತರ ಪ್ರವಾಹವನ್ನು. ಎಂಜಿಯ ಬಹುಪಾಲು ಕಾರುಗಳು ಮಾರಾಟವಾದದ್ದು ಅಮೆರಿಕದಲ್ಲಿಯೇ. ಅಲ್ಲಿನ ಅಂಗಡಿಯಲ್ಲಿ ‘35’ ಎಂಬ ಫ್ಯೂಸನ್ನು ಕೇಳಿ ತಂದು ಹಾಕಿದವನು ಗೊತ್ತಿಲ್ಲದೆಯೇ ರಕ್ಷಣೆಯನ್ನು ಅರ್ಧಕ್ಕೆ ಇಳಿಸಿದಂತಾಯಿತು. ಸಂಖ್ಯೆ ಸರಿಯಾಗಿದೆ, ಅದರ ಅರ್ಥ ಬೇರೆ. ಏಕಮಾನವಷ್ಟೇ ಅಲ್ಲ, ಅಳತೆಯ ವ್ಯಾಖ್ಯೆಯೂ ಮುಖ್ಯವೆಂದು ತರಗತಿಯಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಫ್ಯೂಸಿಗೆ ಕಾಣದ ಬೆಂಕಿ

ಎಲ್ಲ ಬೆಂಕಿಗೂ ಹ್ರಸ್ವಮಂಡಲವೇ ಕಾರಣವಲ್ಲ. ತುಕ್ಕು ಹಿಡಿದ ಸಂಧಿಯೂ ಕಾರಣವಾಗಬಲ್ಲದು. ತಲಾ 45 ವಾಟಿನ ಎರಡು ಹಳೆಯ ಮುಂದೀಪಗಳ ಒಟ್ಟು ರೋಧ ಉರಿಯುವಾಗ 1.6 ಓಮ್. ಅವುಗಳ ಮಂಡಲದಲ್ಲಿ 0.1 ಓಮ್ ರೋಧದ ಒಂದು ಕೆಟ್ಟ ಸಂಧಿ ಇದ್ದರೆ ಅಲ್ಲಿ ಸುಮಾರು 5 ವಾಟ್ ಉಷ್ಣ ಉಂಟಾಗುತ್ತದೆ. ಇದನ್ನು ಹೇಗೋ ಸಹಿಸಬಹುದು. ಈಗ ಮಾಲೀಕ ಹೆಚ್ಚು ಬೆಳಕು ಬೇಕೆಂದು ತಲಾ 100 ವಾಟಿನ ಹ್ಯಾಲೊಜನ್ ದೀಪಗಳನ್ನು ಹಾಕಿಸಿದನೆನ್ನಿ. ಅದೇ ಸಂಧಿಯಲ್ಲಿ ಉಷ್ಣ 21 ವಾಟಿಗೆ ಏರುತ್ತದೆ. ರೇಡಿಯೊ ರಿಪೇರಿಗೆ ಬಳಸುವ ಬೆಸುಗೆ ಕಡ್ಡಿಯ ಸಾಮರ್ಥ್ಯ 25 ವಾಟ್! ಅಂಥದೊಂದು ಕಡ್ಡಿಯನ್ನು ಡ್ಯಾಶ್‌ಬೋರ್ಡಿನ ಹಿಂದೆ ಹಚ್ಚಿಟ್ಟು ಮರೆತಂತೆಯೇ ಇದು. ಸಂಧಿಯ ರೋಧದಿಂದಾಗಿ ಒಟ್ಟು ಪ್ರವಾಹ ತುಸು ಕಡಿಮೆಯೇ ಆಗುವುದರಿಂದ ಫ್ಯೂಸ್ ಇದ್ದರೂ ಕರಗುವುದಿಲ್ಲ. ಫ್ಯೂಸಿಗೆ ಪ್ರವಾಹ ಎಷ್ಟೆಂಬುದು ಮಾತ್ರ ಗೊತ್ತು. ಉಷ್ಣ ಎಲ್ಲಿ ಸೇರುತ್ತಿದೆ ಎಂಬುದು ಗೊತ್ತಿಲ್ಲ.

ಇಂಥದೇ ಇನ್ನೊಂದು ಸಮಸ್ಯೆ ಎಂಜಿನ್ನಿಗೂ ಒಡಲಿಗೂ ನಡುವಿನ ಸಂಪರ್ಕಪಟ್ಟಿಯದು. ಎಂಜಿನ್ ಕುಳಿತಿರುವುದು ರಬ್ಬರ್ ಆಧಾರಗಳ ಮೇಲೆ; ರಬ್ಬರ್ ಅವಾಹಕ. ಆದ್ದರಿಂದ ದಪ್ಪನೆಯ ತಾಮ್ರದ ಪಟ್ಟಿಯೊಂದು ಎರಡನ್ನೂ ಜೋಡಿಸುತ್ತದೆ. ಎಂಜಿನ್ ರಿಪೇರಿಯ ನಂತರ ಅದನ್ನು ಮರಳಿ ಕಟ್ಟಲು ಮರೆತರೆ, ಸ್ಟಾರ್ಟರಿನ ಭಾರಿ ಪ್ರವಾಹ ಬೇರೆ ದಾರಿ ಹುಡುಕುತ್ತದೆ. ಸಿಗುವ ದಾರಿ ಚೋಕ್ ಅಥವಾ ಆಕ್ಸಿಲರೇಟರಿನ ಸಣ್ಣ ಉಕ್ಕಿನ ಕೇಬಲ್! ಅದು ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಅದರ ಇನ್ನೊಂದು ತುದಿ ಇರುವುದು ಕಾರ್ಬುರೇಟರಿನಲ್ಲಿ, ಅಂದರೆ ಪೆಟ್ರೋಲಿನ ಪಕ್ಕದಲ್ಲಿ.

ಪೆಟ್ರೋಲ್ ಸುಮಾರು –40 ಡಿಗ್ರಿ ಸೆಲ್ಸಿಯಸ್‌ನಲ್ಲೂ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಗಾಳಿಯಲ್ಲಿ ಈ ಆವಿ ಶೇಕಡ 1.4ರಷ್ಟಿದ್ದರೂ ಸಾಕು, ಉರಿಯಬಲ್ಲದು. ಗಾಳಿಗಿಂತ ಭಾರವಾದ ಕಾರಣ ಅದು ಕೆಳಗೆ ಶೇಖರವಾಗುತ್ತದೆ. ಎಂಜಿ ಕಾರುಗಳಲ್ಲಿದ್ದ ಎಸ್‌ಯು ವಿದ್ಯುತ್ ಪಂಪು ವಿದ್ಯುತ್ ಗಂಟೆಯ ತತ್ವದಲ್ಲಿ, ಸಂಪರ್ಕವನ್ನು ಕೂಡಿಸಿ ಬಿಡಿಸಿ ಕೆಲಸ ಮಾಡುತ್ತಿತ್ತು. ಕೊಳವೆ ಒಡೆದರೂ, ಅಪಘಾತವಾದರೂ ಕೀಲಿ ತೆಗೆಯುವವರೆಗೆ ಅದು ಪೆಟ್ರೋಲನ್ನು ಹೊರದಬ್ಬುತ್ತಲೇ ಇರುತ್ತಿತ್ತು.

ತಿದ್ದುಪಡಿಯ ಹಾದಿ

ಹಳೆಯ ಡೈನಮೊಗಳಿಗೆ ‘ಕಟ್ ಔಟ್’ ಎಂಬ ವಿದ್ಯುತ್ಕಾಂತೀಯ ಸ್ವಿಚ್ ಇತ್ತು. ಎಂಜಿನ್ ನಿಂತಾಗ ಬ್ಯಾಟರಿಯ ಪ್ರವಾಹ ಡೈನಮೊಗೆ ಹಿಮ್ಮುಖವಾಗಿ ಹರಿಯದಂತೆ ಅದು ತಡೆಯಬೇಕು. ಅದರ ಬಿಂದುಗಳು ಅಂಟಿಕೊಂಡರೆ ನಿಂತ ಕಾರಿನಲ್ಲೇ ತಂತಿ ಕಾಯುತ್ತಿತ್ತು. ಸಿಲಿಕಾನ್ ಡಯೋಡ್ ಬಂದ ಮೇಲೆ ಈ ಆತಂಕ ನೀಗಿತು. ಕ್ರೈಸ್ಲರ್ ಕಂಪನಿ ತನ್ನ 1960ರ ವೇಲಿಯಂಟ್ ಕಾರಿಗೆ ಡಯೋಡುಳ್ಳ ಆಲ್ಟರ್ನೇಟರ್ ಅಳವಡಿಸಿತು. 1967ರಲ್ಲಿ ಎಂಜಿಬಿಯೂ ಅದೇ ದಾರಿ ಹಿಡಿಯಿತು. ಅದೇ ವರ್ಷ ಎಂಜಿಬಿಯಲ್ಲಿ ಧನಧ್ರುವವನ್ನು ಒಡಲಿಗೆ ಜೋಡಿಸುವ ಪದ್ಧತಿ ಹೋಗಿ ಋಣಧ್ರುವವನ್ನು ಜೋಡಿಸುವ ಪದ್ಧತಿ ಬಂತು. ಈ ವ್ಯತ್ಯಾಸ ತಿಳಿಯದೆ ಹಳೆಯ ಕಾರಿಗೆ ಹೊಸ ರೇಡಿಯೊ ಕೂರಿಸಿದರೆ ಅದರ ಲೋಹದ ಪೆಟ್ಟಿಗೆಯ ಮೂಲಕವೇ ಹ್ರಸ್ವಮಂಡಲ ಉಂಟಾಗುತ್ತದೆ.

1976ರಲ್ಲಿ ಲಿಟಲ್‌ಫ್ಯೂಸ್ ಕಂಪನಿಯ ಬಣ್ಣದ ಪ್ಲಾಸ್ಟಿಕ್ ಫ್ಯೂಸ್ ಬಂದಿತು. ಬಣ್ಣ ನೋಡಿದರೆ ಸಾಕು, ಆಂಪೇರ್ ತಿಳಿಯುತ್ತದೆ. ಅಪಘಾತದಲ್ಲಿ ಪಂಪನ್ನು ನಿಲ್ಲಿಸಲು ಜಡತ್ವ ಸ್ವಿಚ್ ಬಂದಿತು. ಇದರಲ್ಲಿ ಅಯಸ್ಕಾಂತ ಹಿಡಿದಿಟ್ಟ ಉಕ್ಕಿನ ಗುಂಡು, ಡಿಕ್ಕಿಯಾದಾಗ ಜಡತ್ವದಿಂದ ಕಳಚಿ ಹಾರಿ ಸಂಪರ್ಕ ಕಡಿಯುತ್ತದೆ. ನ್ಯೂಟನ್ನನ ಮೊದಲ ನಿಯಮದ ಇಷ್ಟು ನೇರ ಬಳಕೆ ಅಪರೂಪ. ಪಂದ್ಯದ ಕಾರುಗಳಲ್ಲಿ ಹೊರಗಿನಿಂದಲೇ ಬ್ಯಾಟರಿಯನ್ನು ಬೇರ್ಪಡಿಸುವ ಸ್ವಿಚ್ ಕಡ್ಡಾಯವಾಯಿತು. ನೀಲಿ ತ್ರಿಕೋನದೊಳಗಿನ ಕೆಂಪು ಮಿಂಚು ಅದರ ಗುರುತು.

ದೂಷಣೆ ಯಾರಿಗೆ?

ಮೋಟಾರು ಪ್ರಿಯರು ಲ್ಯೂಕಸ್ ಕಂಪನಿಯನ್ನು ‘ಕತ್ತಲೆಯ ರಾಜಕುಮಾರ’ ಎಂದು ಗೇಲಿ ಮಾಡುವುದುಂಟು. ಇದು ಪೂರ್ಣ ನ್ಯಾಯವಲ್ಲ. ಹತ್ತಾರು ವರ್ಷ ಬಾಳಲೆಂದು ಮಾಡಿದ ತಂತಿಯಿಂದ ಅರವತ್ತು ವರ್ಷ ದುಡಿಸಿ, ನಡುವೆ ಹತ್ತು ಕೈಗಳು ಕತ್ತರಿಸಿ ಜೋಡಿಸಿದರೆ ಯಾವ ವಿನ್ಯಾಸವೂ ತಾಳದು.

ನಮಗೂ ಈ ಚರಿತ್ರೆ ದೂರದ್ದಲ್ಲ. ಅಂಬಾಸಿಡರ್ ಕಾರಿನಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ 1489 ಘನ ಸೆಂಟಿಮೀಟರಿನ ಎಂಜಿನ್ ಮತ್ತು ಮೊದಲ ಎಂಜಿಎಯ ಎಂಜಿನ್ ಒಂದೇ ಕುಟುಂಬದವು. ಲ್ಯೂಕಸ್ ಸಹಯೋಗದ ಲ್ಯೂಕಸ್-ಟಿವಿಎಸ್ ಕಂಪನಿ 1961ರಲ್ಲಿ ಮದರಾಸಿನಲ್ಲಿ ಆರಂಭವಾಯಿತು. 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತರೂ ಅಕ್ಕರೆಯಿಂದ ಉಳಿಸಿಕೊಂಡ ಹಳೆಯ ಕಾರುಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ.

ಅಂಥ ಕಾರಿನ ಬಳಿ ಕೆಲಸ ಮಾಡುವವರಿಗೆ ಕೆಲವು ಸೂಚನೆಗಳು: ಬ್ಯಾಟರಿ ಬಿಚ್ಚುವಾಗ ಒಡಲಿಗೆ ಜೋಡಿಸಿದ ಧ್ರುವವನ್ನೇ ಮೊದಲು ಬಿಚ್ಚಬೇಕು. ಆಗ ಸ್ಪ್ಯಾನರ್ ಒಡಲಿಗೆ ತಾಗಿದರೂ ಮಂಡಲ ಪೂರ್ಣವಾಗದು. ಕರಗಿದ ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಅಥವಾ ಸಿಗರೇಟಿನ ಹಾಳೆ ಸುತ್ತಬಾರದು. ಹೆಚ್ಚು ಸಾಮರ್ಥ್ಯದ ದೀಪ ಹಾಕುವುದಾದರೆ ರಿಲೇ, ಹೊಸ ತಂತಿ, ಪ್ರತ್ಯೇಕ ಫ್ಯೂಸ್ ಮೂರೂ ಬೇಕು. ಎಥನಾಲ್ ಬೆರೆಸಿದ ಪೆಟ್ರೋಲ್ ಬಳಕೆಯಲ್ಲಿರುವ ಈ ದಿನಗಳಲ್ಲಿ ಹಳೆಯ ರಬ್ಬರ್ ಕೊಳವೆಗಳನ್ನೂ ಬದಲಿಸಬೇಕು. ಎಥನಾಲ್ ಅವನ್ನು ಬೇಗ ಹಾಳುಮಾಡುತ್ತದೆ. ಕಾರು ನಿಲ್ಲಿಸುವಾಗ ಬ್ಯಾಟರಿಯನ್ನು ಬೇರ್ಪಡಿಸುವ ಸ್ವಿಚ್ ಇದ್ದರೆ ಎಲ್ಲಕ್ಕಿಂತ ಲೇಸು.

ಶಿಕ್ಷಕರು ಇದನ್ನು ತರಗತಿಯಲ್ಲಿ ತೋರಿಸಬಹುದು. ಪಾತ್ರೆ ಉಜ್ಜುವ ಉಕ್ಕಿನ ನಾರಿನ ಒಂದೇ ಎಳೆಯನ್ನು ಪಿಂಗಾಣಿ ತಟ್ಟೆಯ ಮೇಲಿಟ್ಟು, 1.5 ವೋಲ್ಟಿನ ಕೋಶವೊಂದಕ್ಕೆ ಎರಡು ತಂತಿಗಳ ಮೂಲಕ ಕ್ಷಣಕಾಲ ಜೋಡಿಸಿ. ಎಳೆ ಕೆಂಪಾಗಿ ಉರಿದು ತುಂಡಾಗುತ್ತದೆ. ಜೋಡಣೆಯ ದಪ್ಪ ತಂತಿಗೆ ಏನೂ ಆಗದು. ಎಳೆ ತಾನು ಉರಿದು ತಂತಿಯನ್ನು ಉಳಿಸಿತು. ಫ್ಯೂಸ್ ಇರುವುದು ದೀಪವನ್ನು ಕಾಯಲು ಅಲ್ಲ, ತಂತಿಯನ್ನು ಕಾಯಲು ಎಂಬುದನ್ನು ವಿದ್ಯಾರ್ಥಿಗಳು ಆಗ ಕಣ್ಣಾರೆ ಕಂಡುಕೊಳ್ಳುತ್ತಾರೆ.